ಓದುಗರ ಪ್ರಶ್ನೆ: ತಪ್ಪು ಉತ್ತರಗಳ ಕಟ್ಟಿನಿಂದ ಪಿಎಚ್.ಡಿ.ಯವರೆಗೆ

ಪ್ರಶ್ನೆ: ಕುಂದಾಪುರದ ಬಳಿಯ ಪದವಿಪೂರ್ವ ಕಾಲೇಜೊಂದರಲ್ಲಿ ಹನ್ನೆರಡು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ, ಈಚೆಗೆ ಗಣಕ ವಿಜ್ಞಾನದ ತರಗತಿಗಳನ್ನೂ ವಹಿಸಿದ್ದಾರೆ. ಬೀಜಗಣಿತದಲ್ಲಿ ಚುರುಕಾಗಿರುವ ಮಕ್ಕಳೇ ಪ್ರೋಗ್ರಾಂ ಬರೆಯುವಾಗ ತಡವರಿಸುವುದನ್ನು ಕಂಡು, ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡುವ ಆಸೆ ಹುಟ್ಟಿದೆ. ಸಹೋದ್ಯೋಗಿಗಳು ‘ಇದು ಗಣಿತದ ಸಂಶೋಧನೆಯೇ ಅಲ್ಲ’ ಎನ್ನುತ್ತಾರೆ. ಕೆಲಸ ಬಿಡದೆ ಇದು ಸಾಧ್ಯವೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಸಾಧ್ಯ. ಹೊಸ ಪ್ರಮೇಯವನ್ನು ಸಾಧಿಸುವುದು ಗಣಿತದ ಸಂಶೋಧನೆಯಾದರೆ, ಗೊತ್ತಿರುವ ಪ್ರಮೇಯವೊಂದು ಕಲಿಯುವವರ ಮನಸ್ಸಿನಲ್ಲಿ ಹೇಗೆ ನೆಲೆಯೂರುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಸಾಕ್ಷ್ಯಸಹಿತ ತೋರಿಸುವುದು ಗಣಿತ ಶಿಕ್ಷಣದ ಸಂಶೋಧನೆ. ಇದನ್ನು ಗಣಿತಜ್ಞರೇ ಬೆಳೆಸಿದ್ದಾರೆ: ಆಕಾರಗಳ ಗುಣಗಳನ್ನು ಅಭ್ಯಸಿಸುವ ಟೋಪಾಲಜಿ ಎಂಬ ಗಣಿತ ಶಾಖೆಯಲ್ಲಿ ಹೆಸರು ಮಾಡಿದ್ದ ಹ್ಯಾನ್ಸ್ ಫ್ರಾಯ್ಡೆಂಥಾಲ್ 1968ರಲ್ಲಿ ಇದಕ್ಕೆಂದೇ ಒಂದು ಸಂಶೋಧನ ಪತ್ರಿಕೆಯನ್ನು ಆರಂಭಿಸಿದರು, ಮರುವರ್ಷ ಫ್ರಾನ್ಸಿನ ಲಿಯಾನ್ ನಗರದಲ್ಲಿ ಮೊದಲ ಅಂತಾರಾಷ್ಟ್ರೀಯ ಗಣಿತ ಶಿಕ್ಷಣ ಸಮ್ಮೇಳನ ನಡೆಯಿತು.

ಎಲ್ಲಿಂದ ಆರಂಭಿಸಬೇಕೆಂದರೆ, ನಿಮ್ಮ ಮೇಜಿನ ಮೇಲಿರುವ ಉತ್ತರ ಪತ್ರಿಕೆಗಳ ಕಟ್ಟಿನಿಂದ. ಅಂಕ ಕೊಟ್ಟು ಬದಿಗಿಡುವ ತಪ್ಪು ಉತ್ತರಗಳಲ್ಲೇ ಈ ವಿದ್ಯೆಯ ಜೀವಾಳ ಇದೆಯೆಂದು ನಾನು ನಂಬಿದ್ದೇನೆ. ಒಂದು ಮಗು 52ರಿಂದ 27 ಕಳೆದು 35 ಎಂದು ಬರೆಯಿತೆನ್ನಿ. ನಾವು ಅದನ್ನು ಅಜಾಗರೂಕತೆ ಎನ್ನುತ್ತೇವೆ. ಆದರೆ ಆ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಅಂದರೆ ಒಂದು ನಿಯಮವನ್ನು ತಪ್ಪದೆ ಪಾಲಿಸಿದೆ. ನಿಯಮವೇ ತಪ್ಪು, ಅಷ್ಟೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಇಂತಹ ತಪ್ಪು ನಿಯಮಗಳನ್ನು ಪ್ರೋಗ್ರಾಮಿನಲ್ಲಿ ಅಡಗುವ ದೋಷಗಳಂತೆ, ಅಂದರೆ ‘ಬಗ್’ಗಳಂತೆ ಕಂಡು, ಅವುಗಳನ್ನು ಅನುಕರಿಸಿ ತೋರಿಸುವ ‘ಬಗ್ಗಿ’ ಎಂಬ ಗಣಕ ವ್ಯವಸ್ಥೆಯನ್ನು ರೂಪಿಸಿ, 1978ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಗಣಕ ವಿಜ್ಞಾನವೂ ಗಣಿತ ಶಿಕ್ಷಣವೂ ಒಂದೇ ಅಂಗಳದಲ್ಲಿ ಕೂಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ನೀವು ಗಮನಿಸಿರುವ ತೊಡಕನ್ನೂ ಹೀಗೆಯೇ ಬಿಡಿಸಿ ನೋಡಿ. ಬೀಜಗಣಿತದ ತರಗತಿಯಲ್ಲಿ x = x + 1 ಎಂದು ಬರೆದರೆ ಅದಕ್ಕೆ ಪರಿಹಾರವೇ ಇಲ್ಲವೆಂದು ನೀವೇ ಕಲಿಸುತ್ತೀರಿ; ಮುಂದಿನ ಪೀರಿಯಡ್‌ನಲ್ಲಿ ಅದೇ ಸಾಲು x ಎಂಬ ಹೆಸರಿನಲ್ಲಿರುವ ಬೆಲೆಗೆ ಒಂದನ್ನು ಕೂಡಿಸಿ ಅದೇ ಹೆಸರಿನಲ್ಲಿಡು ಎಂಬ ಆಜ್ಞೆಯಾಗುತ್ತದೆ. ಗಣಿತದಲ್ಲಿ ಸಮ ಚಿಹ್ನೆ ಎರಡು ಬದಿಗಳ ಸಂಬಂಧವನ್ನು ಹೇಳಿದರೆ, ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ಅದು ಬಲದಿಂದ ಎಡಕ್ಕೆ ನಡೆಯುವ ಒಂದು ಕ್ರಿಯೆ. ಗಣಿತವನ್ನು ಚೆನ್ನಾಗಿ ಅರಗಿಸಿಕೊಂಡ ಹುಡುಗಿಗೇ ಇದು ಹೆಚ್ಚು ವಿಚಿತ್ರವಾಗಿ ಕಂಡೀತು. ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ಪದರವೂ ಉಂಟು: ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿ ಭಾಷೆಯನ್ನೋ ಆಡಿ, ಕನ್ನಡ ಮಾಧ್ಯಮದಲ್ಲಿ x ಎಂಬಂತಹ ಅಕ್ಷರವನ್ನು ‘ಚರಾಕ್ಷರ’ ಎಂದು ಕಲಿತು, ಪಿಯುಸಿಗೆ ಬಂದಾಗ ‘ವೇರಿಯೆಬಲ್’ ಎಂಬುದನ್ನು ಎದುರಿಸುವ ವಿದ್ಯಾರ್ಥಿಗೆ ಎರಡೂ ಒಂದೇ ಎಂದು ಯಾರಾದರೂ ಹೇಳಿದ್ದಾರೆಯೇ? ಅಥವಾ ಅವೆರಡೂ ಪೂರ್ತಿ ಒಂದಲ್ಲವೆಂದು? ಇಷ್ಟೇ ಒಂದು ಪ್ರಬಂಧಕ್ಕೆ ಸಾಕಾದೀತು.

ಇನ್ನು ಪ್ರವೇಶದ ವಿಚಾರ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕಗಳಿರಬೇಕು, ಉದ್ಯೋಗದಾತರ ನಿರಾಕ್ಷೇಪಣಾ ಪತ್ರದೊಂದಿಗೆ ಅರೆಕಾಲಿಕ ಪಿಎಚ್.ಡಿ.ಗೂ ಅವಕಾಶವಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೋ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಮಣಿಪಾಲದ ವಿಶ್ವವಿದ್ಯಾಲಯದಲ್ಲೋ ವಿಚಾರಿಸುವಾಗ ವಿಭಾಗದ ಹೆಸರಿಗಿಂತ ಮಾರ್ಗದರ್ಶಕರ ಆಸಕ್ತಿಯನ್ನು ಮೊದಲು ಕೇಳಿ, ಏಕೆಂದರೆ ಎರಡು ವಿಭಾಗಗಳ ನಡುವೆ ಬೀಳುವ ವಿಷಯವನ್ನು ಕೈಹಿಡಿಯುವವರು ವ್ಯಕ್ತಿಗಳೇ. ಈ ಕ್ಷೇತ್ರಕ್ಕೆಂದೇ ಇರುವ ಕೇಂದ್ರಗಳಲ್ಲಿ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಮುಖ್ಯವಾದುದು. ಐಐಟಿ ಬಾಂಬೆಯಲ್ಲಿ ನಡೆಯುವ ಶೈಕ್ಷಣಿಕ ತಂತ್ರಜ್ಞಾನದ ಸಂಶೋಧನೆಯೂ ನಿಮ್ಮ ವಿಷಯಕ್ಕೆ ಹತ್ತಿರದ್ದು. ನಿಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರಾದ್ದರಿಂದ, ಅವರ ಬರಹವನ್ನು ಸಂಶೋಧನೆಗೆ ಬಳಸುವ ಮೊದಲು ಅವರದೂ ಹೆತ್ತವರದೂ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದೇನೆ. ಭಿನ್ನರಾಶಿ ಕಲಿಸುವ ಆ್ಯಪ್ ಒಂದನ್ನು ಮಾಡಿದ್ದೇನೆ. ಇದು ಸಂಶೋಧನೆ ಎನಿಸುತ್ತದೆಯೇ?

ಉತ್ತರ: ಆ್ಯಪ್ ಮಾತ್ರವೇ ಆದರೆ ಇಲ್ಲ. ಅದರಿಂದ ಮಕ್ಕಳು ಏನು ಕಲಿತರೆಂದು ತೋರಿಸಿದಾಗ ಆಗುತ್ತದೆ. ಆ್ಯಪ್ ಬಳಸುವ ಮುನ್ನ ಒಂದು ಪರೀಕ್ಷೆ, ಬಳಸಿದ ಮೇಲೆ ಒಂದು, ಎರಡು ತಿಂಗಳು ಕಳೆದು ಮತ್ತೊಂದು ಮಾಡಿ. ಅದೇ ಪಾಠವನ್ನು ಕರಿಹಲಗೆಯ ಮೇಲೆ ಕಲಿತ ಇನ್ನೊಂದು ಗುಂಪಿಗೂ ಅವೇ ಪರೀಕ್ಷೆಗಳನ್ನು ಕೊಡಿ. ‘ಮಕ್ಕಳಿಗೆ ಇಷ್ಟವಾಯಿತು’ ಎಂಬ ಪ್ರಶ್ನಾವಳಿಯ ಉತ್ತರವನ್ನು ಕಲಿಕೆಯ ಸಾಕ್ಷ್ಯವೆಂದು ಮುಂದಿಡಬೇಡಿ. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆಯುತ್ತಿದ್ದ ಮಗು ಎರಡು ತಿಂಗಳ ಬಳಿಕ ಏನು ಬರೆಯಿತು ಎಂಬುದನ್ನೇ ನಿಮ್ಮ ವರದಿಯ ಮೊದಲ ಪುಟದಲ್ಲಿಡಿ.