ಹೊಸ ಕಾರಿನ ಚರ್ಮದ ಸೀಟು: ಎಣ್ಣೆಗಿಂತ ಒದ್ದೆ ಬಟ್ಟೆ ಮುಖ್ಯ

ಪ್ರಶ್ನೆ: ಹೊಸ ಕಾರು ಮನೆಗೆ ಬಂದು ಒಂದು ತಿಂಗಳಾಯಿತು. ಒಳಗೆ ಕೆನೆ ಬಣ್ಣದ ಲೆದರ್ ಸೀಟುಗಳು. ತಿಂಗಳಿಗೊಮ್ಮೆ ಕಂಡೀಷನರ್ (ಚರ್ಮ ಮೆತ್ತಗಿರಲೆಂದು ಹಚ್ಚುವ ಎಣ್ಣೆಯಂಥ ಕ್ರೀಮು) ಹಚ್ಚದಿದ್ದರೆ ಚರ್ಮ ಒಣಗಿ ಬಿರುಕು ಬಿಡುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ಶೋರೂಮಿನವರು ಸೀಟಿಗೆ ಕೋಟಿಂಗ್ ಮಾಡಿಸಿಕೊಳ್ಳಿ ಎಂದು ಹಿಂದೆ ಬಿದ್ದಿದ್ದಾರೆ. ಈ ನಡುವೆ ಡ್ರೈವರ್ ಸೀಟಿನ ಅಂಚಿನಲ್ಲಿ ಆಗಲೇ ತೆಳು ನೀಲಿ ಛಾಯೆ ಕಾಣುತ್ತಿದೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಆ ನೀಲಿಯಿಂದಲೇ ಶುರು ಮಾಡಿ, ಸಾಧ್ಯವಾದರೆ ಇವತ್ತೇ. ಅದು ಜೀನ್ಸ್ ಪ್ಯಾಂಟಿನ ಬಣ್ಣ. ಹೊಸ ಜೀನ್ಸ್ ಅನ್ನು ಎರಡು ಮೂರು ಸಲ ಒಗೆಯುವವರೆಗೂ ಅದರ ಬಣ್ಣ ತಾಗಿದಲ್ಲೆಲ್ಲ ಅಂಟುತ್ತದೆ. ಒಂದು ತಿಂಗಳೊಳಗಿನ ಕಲೆ ಬಹುಪಾಲು ಮೇಲ್ಮೈಯಲ್ಲೇ ಕೂತಿರುತ್ತದೆ. ಬಿಟ್ಟರೆ ಬಿಸಿಲಿನ ಕಾವು, ಬೆವರು, ಮೈಭಾರ ಮೂರೂ ಸೇರಿ ಅದನ್ನು ಒಳಕ್ಕೆ ಇಳಿಸುತ್ತವೆ. ಒಮ್ಮೆ ಇಳಿದ ಮೇಲೆ ಅದನ್ನು ತೆಗೆಯುವುದಕ್ಕಿಂತ ಸೀಟಿಗೆ ಬಣ್ಣ ಕೊಡಿಸುವುದೇ ಸುಲಭ ಎನ್ನುವ ಸ್ಥಿತಿ ಬರುತ್ತದೆ.

ಇನ್ನು ಕಂಡೀಷನರ್ ಮಾತು. ಇದಕ್ಕೆ ಉತ್ತರ ಹೇಳುವ ಮೊದಲು, ಕೂತಾಗ ನಿಮ್ಮ ಕೈಗೆ ತಾಗುವುದು ಏನು ಎಂದು ತಿಳಿಯಬೇಕು. ಅದು ಚರ್ಮವಲ್ಲ. ಈಗಿನ ಬಹುತೇಕ ಕಾರುಗಳ ಸೀಟಿನಲ್ಲಿ, ಹದ ಮಾಡಿದ ಚರ್ಮದ ಮೇಲೆ ಬಣ್ಣದ ಪದರ, ಅದರ ಮೇಲೆ ಪಾರದರ್ಶಕ ಪಾಲಿಯುರೆಥೇನ್ ಪದರ ಇರುತ್ತದೆ. ಎರಡೂ ಸೇರಿದರೂ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಿರುವುದಿಲ್ಲ. ಆದರೆ ಎಣ್ಣೆಯನ್ನು ತಡೆಯಲು ಅಷ್ಟು ಸಾಕು. ಬೂಟಿಗೆ, ಕುದುರೆಯ ಜೀನಿಗೆ ಎಣ್ಣೆ ತಿಕ್ಕುವ ಅಭ್ಯಾಸ ಹಳೆಯದು, ಅಲ್ಲಿ ಅದಕ್ಕೆ ಅರ್ಥವೂ ಇದೆ. ಆ ಚರ್ಮ ಬರಿಮೈಯದು, ಎಣ್ಣೆ ಕುಡಿಯುತ್ತದೆ. ಕಾರಿನ ಸೀಟು ಕುಡಿಯುವುದಿಲ್ಲ. ನೀವು ಹಚ್ಚಿದ್ದರಲ್ಲಿ ಹೆಚ್ಚಿನದು ಮೇಲೆ ಜಿಡ್ಡಾಗಿ ನಿಂತು ಧೂಳನ್ನು ಕರೆಯುತ್ತದೆ.

ಹಾಗಾದರೆ ಬಿರುಕು ಬಿಟ್ಟ ಸೀಟುಗಳು ಎಲ್ಲಿಂದ ಬಂದವು ಎಂದು ನೀವು ಕೇಳಬಹುದು. ಸೀಟು ರಿಪೇರಿಯ ಕೆಲಸದಲ್ಲಿ ನಾನು ನೋಡಿದ ಹಾಳಾದ ಸೀಟುಗಳಲ್ಲಿ ಹತ್ತಕ್ಕೆ ಎಂಟು ಒಂದೇ ಜಾಗದಲ್ಲಿ ಹಾಳಾಗಿರುತ್ತವೆ: ಬಾಗಿಲ ಕಡೆಯ ಉಬ್ಬಿದ ಅಂಚು, ಅದೂ ಡ್ರೈವರ್ ಸೀಟಿನದು. ಒಣಗಿ ಬಿರುಕು ಬಿಡುವುದಾದರೆ ಇಡೀ ಸೀಟು ಬಿಡಬೇಕಿತ್ತಲ್ಲ? ಅಲ್ಲಿ ನಡೆಯುವುದೇ ಬೇರೆ. ಮೈಯ ಜಿಡ್ಡು, ಬೆವರು, ಸನ್‌ಸ್ಕ್ರೀನ್, ಕೈಗೆ ಹಚ್ಚಿದ ಕ್ರೀಮು ಮೇಲ್ಪದರವನ್ನು ಮೆತ್ತಗೆ ಮಾಡುತ್ತವೆ. ಅದರ ಮೇಲೆ ಕೂತ ಧೂಳಿನ ಕಣಗಳು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ದಿನಕ್ಕೆ ನಾಲ್ಕಾರು ಬಾರಿ ಆ ಅಂಚಿನ ಮೇಲೆ ಜಾರಿ ಇಳಿಯುತ್ತೀರಿ, ಪದರ ಮಡಿಚಿ ಮಡಿಚಿ ಒಡೆಯುತ್ತದೆ. ಹೊಸ ಸೀಟಿನ ದೊಡ್ಡ ಶತ್ರು ಒಣಗುವಿಕೆಯಲ್ಲ, ಕೊಳೆ.

ಮಾಡಬೇಕಾದ್ದು ಇಷ್ಟು. ಹದಿನೈದು ದಿನಕ್ಕೊಮ್ಮೆ, ಮೆತ್ತನೆಯ ಬ್ರಷ್ ತುದಿ ಇರುವ ವ್ಯಾಕ್ಯೂಮ್ ಕ್ಲೀನರ್‌ನಿಂದ ಹೊಲಿಗೆ ಸಾಲಿನ ಧೂಳು ಎಳೆಯಿರಿ. ಪ್ಲಾಸ್ಟಿಕ್ ಕೊಳವೆಯ ಬರಿ ಬಾಯನ್ನು ಸೀಟಿಗೆ ತಾಗಿಸಬೇಡಿ, ಗೀರು ಬೀಳುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆಯಿರಿ. ಹತ್ತು ನಿಮಿಷದ ಕೆಲಸ. ಇದನ್ನು ತಪ್ಪದೆ ಮಾಡುವವರ ಸೀಟು ನನ್ನಂಥವರ ಕೈಗೆ ಬರುವುದೇ ಇಲ್ಲ.

ಎರಡು ಮೂರು ತಿಂಗಳಿಗೊಮ್ಮೆ, ಈಗ ನಿಮ್ಮ ನೀಲಿ ಕಲೆಗೂ, ಲೆದರ್ ಕ್ಲೀನರ್ ಬೇಕು. ನೀರು ಆಧಾರದ, ಸೌಮ್ಯವಾದದ್ದನ್ನು ಕೊಳ್ಳಿ. ಮೊದಲು ಸೀಟಿನ ಕೆಳಗಂಚಿನಲ್ಲೋ ತಲೆದಿಂಬಿನ ಹಿಂದೆಯೋ ಕಣ್ಣಿಗೆ ಬೀಳದ ಕಡೆ ಹಚ್ಚಿ ನೋಡಿ. ಬಟ್ಟೆಗೆ ಕಂದು ಬಣ್ಣ ಬಂದರೆ ಅದು ಕೊಳೆ, ಸಂತೋಷ. ಸೀಟಿನದೇ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ, ಆ ಕ್ಲೀನರ್ ಬೇಡ. ಸರಿಯಿದ್ದರೆ ಕ್ಲೀನರನ್ನು ಬ್ರಷ್‌ಗೆ ಹಾಕಿಕೊಳ್ಳಿ, ಸೀಟಿನ ಮೇಲೆ ನೇರವಾಗಿ ಸಿಂಪಡಿಸಬೇಡಿ. ಮೆತ್ತನೆಯ ಕೂದಲಿನ ಬ್ರಷ್‌ನಲ್ಲಿ ನೊರೆ ಬರಿಸಿ, ಅಂಗೈ ಎರಡರಷ್ಟು ಜಾಗವನ್ನು ಮಾತ್ರ ಒಂದು ಸಲಕ್ಕೆ ಹಿಡಿದು, ಒತ್ತಡ ಹಾಕದೆ ಸುತ್ತಿಸಿ. ಕೊಳೆ ಎಬ್ಬಿಸುವುದು ನೊರೆಯ ಕೆಲಸ, ನಿಮ್ಮ ತೋಳಿನದಲ್ಲ. ನೊರೆ ಒಣಗುವ ಮೊದಲೇ ಒರೆಸಿ ತೆಗೆಯಿರಿ. ಕಲೆ ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೆರಡು ಬಾರಿ ಹೀಗೇ ಮಾಡಿ. ತಿಕ್ಕುವ ಜೋರು ಹೆಚ್ಚಿಸಬೇಡಿ. ಕಾರು ನೆರಳಿನಲ್ಲಿರಲಿ, ಸೀಟು ತಣ್ಣಗಿರಲಿ.

ಮಾಡಬಾರದ್ದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಿರ್ಲಕ್ಷ್ಯದಿಂದ ಕೆಟ್ಟ ಸೀಟುಗಳಷ್ಟೇ ಅತಿ ಕಾಳಜಿಯಿಂದ ಕೆಟ್ಟವನ್ನೂ ನೋಡಿದ್ದೇನೆ. ಬಟ್ಟೆ ಸೋಪು, ಪಾತ್ರೆ ತೊಳೆಯುವ ದ್ರವ, ಅಡುಗೆಮನೆಯ ಜಿಡ್ಡು ತೆಗೆಯುವ ಸ್ಪ್ರೇ ಬೇಡ. ಹದ ಮಾಡಿದ ಚರ್ಮ ಸ್ವಭಾವತಃ ಆಮ್ಲೀಯ, ಸೋಪು ಕ್ಷಾರೀಯ, ಎರಡಕ್ಕೂ ಆಗಿಬರುವುದಿಲ್ಲ. ಸ್ಯಾನಿಟೈಸರ್, ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ ಹತ್ತಿರವೂ ಬರಬಾರದು, ಅವು ಬಣ್ಣದ ಪದರವನ್ನೇ ಕರಗಿಸುತ್ತವೆ. ಎಲ್ಲಕ್ಕಿಂತ ಮೋಸಗೊಳಿಸುವುದು, ಗೋಡೆಯ ಕಲೆ ಅಳಿಸಲು ಬಳಸುವ ಬಿಳಿ ಮೆಲಮೈನ್ ಸ್ಪಂಜು. ಮುಟ್ಟಿದರೆ ಮೃದು, ಕಲೆಯೂ ಕ್ಷಣದಲ್ಲಿ ಮಾಯ. ಆದರೆ ಅದು ಅತಿ ಸಣ್ಣ ಉಪ್ಪುಕಾಗದ. ಕಲೆಯ ಜೊತೆ ರಕ್ಷಣೆಯ ಪದರವನ್ನೂ ಕೆರೆದಿರುತ್ತದೆ, ಮುಂದಿನ ಕಲೆ ಅದೇ ಜಾಗದಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ. ಕೆನೆ ಬಣ್ಣದ ಸೀಟಿನಲ್ಲಿ ಒಂದು ಭಾಗ ಮಾತ್ರ ಬೇಗ ಬೇಗ ಕೊಳೆಯಾಗುತ್ತಿದೆ ಎಂದು ಯಾರಾದರೂ ಬಂದರೆ, ನಾನು ಮೊದಲು ಕೇಳುವುದು ಈ ಸ್ಪಂಜಿನ ಬಗ್ಗೆಯೇ.

ಹೊಳಪು ಕೊಡುವ ಸ್ಪ್ರೇಗಳೂ ಬೇಡ. ಹೊಸ ಸೀಟನ್ನು ಈಗ ಕಣ್ಣಿಟ್ಟು ನೋಡಿ, ಅದು ಮಂಕಾಗಿದೆ. ಕಾರ್ಖಾನೆಯಿಂದ ಬಂದದ್ದೇ ಹಾಗೆ. ಸೀಟು ಮಿರಮಿರ ಮಿಂಚತೊಡಗಿದರೆ ಅದು ಜಿಡ್ಡು ಕೂತದ್ದರ ಗುರುತು. ಸಿಲಿಕೋನ್ ಸ್ಪ್ರೇ ಹಾಕಿದ ಸೀಟು ಮೇಲಾಗಿ ಜಾರುತ್ತದೆ, ತಿರುವಿನಲ್ಲಿ ಡ್ರೈವರ್ ಜಾರುವುದು ಒಳ್ಳೆಯದಲ್ಲ.

ಕೋಟಿಂಗ್ ಬಗ್ಗೆ: ತಿಳಿ ಬಣ್ಣದ ಸೀಟಿಗೆ ಅದರಿಂದ ನಿಜವಾಗಿಯೂ ಉಪಯೋಗವಿದೆ. ಕಲೆ ಸೀಟಿನ ಬದಲು ಕೋಟಿಂಗ್ ಮೇಲೆ ಕೂರುತ್ತದೆ, ಒರೆಸಿದರೆ ಹೋಗುತ್ತದೆ. ಕಪ್ಪು ಸೀಟಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಆದರೆ ಶೋರೂಮಿನಲ್ಲೇ ಮಾಡಿಸಬೇಕೆಂದೇನಿಲ್ಲ. ನೀರು ಆಧಾರದ ಲೆದರ್ ಪ್ರೊಟೆಕ್ಟರ್ (ಮನೆಯಲ್ಲೇ ಹಚ್ಚಬಹುದಾದ ಕೋಟಿಂಗ್) ತಂದು, ಸ್ವಚ್ಛ ಮಾಡಿ ಪೂರ್ತಿ ಒಣಗಿದ ಸೀಟಿಗೆ ಸ್ಪಂಜಿನಲ್ಲಿ ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಧ್ಯವಾದರೆ 24 ಗಂಟೆ, ಯಾರೂ ಕೂರದಂತೆ ಬಿಡಿ. ನೀಲಿ ಕಲೆ ಇರುವಾಗಲೇ ಕೋಟಿಂಗ್ ಹಾಕಿದರೆ ಕಲೆಯನ್ನು ಒಳಗಿಟ್ಟು ಮುಚ್ಚಿದಂತಾಗುತ್ತದೆ. ಮಾಡಿಸುವುದೇ ಆದರೆ, ಮೊದಲು ಸ್ವಚ್ಛ ಮಾಡುತ್ತಾರೆಯೇ ಎಂದು ಕೇಳಿ, ಎದುರಿಗೆ ನಿಂತು ನೋಡಿ. ಯಾವ ಕೋಟಿಂಗ್ ಆದರೂ ಮೊದಲು ಸವೆಯುವುದು ಅದೇ ಬಾಗಿಲ ಕಡೆಯ ಅಂಚಿನಲ್ಲಿ, ಅಲ್ಲಿಗೆ ಮಾತ್ರ ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಸವರಿದರೆ ಸಾಕು.

ಒಂದು ವಿನಾಯಿತಿ ಇದೆ. ಕೆಲವು ದುಬಾರಿ ಕಾರುಗಳಲ್ಲಿ ಅನಿಲಿನ್ ಅಥವಾ ಸೆಮಿ ಅನಿಲಿನ್ ಚರ್ಮ ಇರುತ್ತದೆ, ಮೇಲ್ಪದರ ಇಲ್ಲವೇ ಇಲ್ಲ ಅಥವಾ ಬಹಳ ತೆಳು. ಕಣ್ಣಿಗೆ ಬೀಳದ ಕಡೆ ಒಂದು ಹನಿ ನೀರು ಇಟ್ಟು ನೋಡಿ. ಹನಿ ಹನಿಯಾಗಿಯೇ ನಿಂತರೆ ಮೇಲೆ ಹೇಳಿದ್ದೆಲ್ಲ ನಿಮಗೆ ಅನ್ವಯಿಸುತ್ತದೆ. ಹೀರಿಕೊಂಡು ಆ ಜಾಗ ಕಪ್ಪಾದರೆ ಅದು ಬರಿಮೈ ಚರ್ಮ, ಅದಕ್ಕೆ ಅದರದೇ ಕ್ಲೀನರ್ ಮತ್ತು ಕಂಡೀಷನರ್ ಬೇಕು.

ಪ್ರಶ್ನೆ: ನಮ್ಮದು ಗಾಳಿಯಾಡುವ ಸೀಟು, ಮೇಲೆಲ್ಲ ಸಣ್ಣ ಸಣ್ಣ ತೂತುಗಳು. ಮಗಳ ಕೈಯಿಂದ ಹಾಲು ಚೆಲ್ಲಿತು. ಒರೆಸಿದೆವು, ಆದರೆ ವಾಸನೆ ಬರತೊಡಗಿದೆ.

ಉತ್ತರ: ಹಾಲು ತೂತುಗಳ ಮೂಲಕ ಕೆಳಗಿನ ಸ್ಪಂಜಿಗೆ ಇಳಿದಿದೆ. ಚರ್ಮದ ಮೇಲೆ ಏನೇ ಮಾಡಿದರೂ ಅದು ಹೋಗುವುದಿಲ್ಲ. ನೀರು ಸುರಿದು ತೊಳೆಯಲು ಮಾತ್ರ ಹೋಗಬೇಡಿ. ಆ ಸೀಟಿನೊಳಗೆ ಫ್ಯಾನ್, ತಂತಿಗಳು, ಯಾರಾದರೂ ಕೂತಿದ್ದಾರೆಯೇ ಎಂದು ತಿಳಿಯುವ ಸೆನ್ಸರ್ ಇರುವುದುಂಟು. ಹೊದಿಕೆ ಬಿಚ್ಚಿ ಸ್ಪಂಜನ್ನು ಸ್ವಚ್ಛ ಮಾಡಬಲ್ಲವರ ಬಳಿ ಒಯ್ಯಿರಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರಬಹುದಾದ್ದರಿಂದ ಇದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ.

ಮುಂದೆ ಏನಾದರೂ ಚೆಲ್ಲಿದಾಗ ಒರೆಸಬೇಡಿ, ಒತ್ತಿ ಹೀರಿಸಿ. ಒರೆಸಿದರೆ ಹೊಸ ಹೊಸ ತೂತುಗಳಿಗೆ ನಾವೇ ದ್ರವವನ್ನು ತಳ್ಳಿದಂತೆ. ಒಣ ಬಟ್ಟೆಯನ್ನು ಕಲೆಯ ಹೊರಗಂಚಿನಿಂದ ನಡುವಿಗೆ ಒತ್ತುತ್ತ ಬನ್ನಿ. ದಿನನಿತ್ಯ ಸ್ವಚ್ಛ ಮಾಡುವಾಗಲೂ ಇಂಥ ಸೀಟಿಗೆ ದ್ರವ ಹಾಕಬಾರದು, ಬಟ್ಟೆಗೆ ಹಚ್ಚಿದ ನೊರೆ ಮಾತ್ರ. ಗಟ್ಟಿ ಕ್ರೀಮುಗಳು ತೂತುಗಳಲ್ಲಿ ಬಿಳಿಯಾಗಿ ಕೂತುಬಿಡುತ್ತವೆ, ಆಮೇಲೆ ಒಂದೊಂದನ್ನೇ ಬಿಡಿಸುತ್ತ ಕೂರಬೇಕಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯ ಬೇಡವೆಂದು ಚರ್ಮದ ಸೀಟಿನ ಮೇಲೆ ಕವರ್ ಹಾಕಿಸಿದರೆ?

ಉತ್ತರ: ಬಿಗಿಯಾಗಿ ಹೊಲಿದ ಸೀಟ್ ಕವರ್ ಬೇಡ ಎನ್ನುತ್ತೇನೆ, ಅದೂ ಚರ್ಮದ ಕಾರಣಕ್ಕಲ್ಲ. ಅನೇಕ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಸೀಟಿನ ಬೆನ್ನಿನ ಅಂಚಿನಲ್ಲೇ ಅಡಗಿರುತ್ತದೆ, ಅಪಘಾತದಲ್ಲಿ ಅಲ್ಲಿನ ಹೊಲಿಗೆ ಹರಿದು ಹೊರಬರಬೇಕು. ಮೇಲೆ ಕವರ್ ಬಿಗಿದಿದ್ದರೆ ಅದು ತಡವಾಗಬಹುದು, ತಪ್ಪು ದಿಕ್ಕಿಗೆ ತೆರೆಯಬಹುದು. ಸೀಟಿನ ಅಂಚಿನಲ್ಲಿ ಏರ್‌ಬ್ಯಾಗ್ ಚೀಟಿ ಇದೆಯೇ ನೋಡಿ, ಕಾರಿನ ಕೈಪಿಡಿ ಏನು ಹೇಳುತ್ತದೆ ಓದಿ. ಹಾಕಲೇಬೇಕೆಂದರೆ ಆ ಭಾಗ ತೆರೆದಿರುವಂಥದ್ದನ್ನೇ ಹಾಕಿ. ಕವರ್ ಅಡಿಯಲ್ಲಿ ಸಿಕ್ಕಿದ ಮರಳು, ತೇವ ಎರಡೂ ಕಾಣದಂತೆ ಕೆಲಸ ಮಾಡುತ್ತವೆ ಎಂಬುದೂ ನೆನಪಿರಲಿ.

ಮಗುವಿನ ಸೀಟು ಕಟ್ಟುವವರು, ಚರ್ಮದಲ್ಲಿ ತಗ್ಗು ಬೀಳದಂತೆ, ಅದರಡಿ ತೆಳು ಚಾಪೆ ಹಾಕಬಹುದು, ಆ ಮಗುವಿನ ಸೀಟನ್ನು ತಯಾರಿಸಿದವರು ಅದಕ್ಕೆ ಒಪ್ಪಿದ್ದರೆ ಮಾತ್ರ. ಜಾರುವ ಚಾಪೆಗಿಂತ ಚರ್ಮದ ಮೇಲಿನ ತಗ್ಗು ವಾಸಿ.

ಪ್ರಶ್ನೆ: ಕೂರುವ ಭಾಗದಲ್ಲಿ ಆಗಲೇ ಸುಕ್ಕು ಬಿದ್ದಿದೆ. ಕಾರಿಗೆ ಇನ್ನೂ ಆರು ತಿಂಗಳಾಗಿಲ್ಲ. ದೋಷವೇ?

ಉತ್ತರ: ಸಾಮಾನ್ಯವಾಗಿ ಅಲ್ಲ. ಚರ್ಮ ಭಾರಕ್ಕೆ ಹಿಗ್ಗುತ್ತದೆ, ಮಡಿಕೆ ಬೀಳುತ್ತದೆ. ಬೆರಳುಗುರನ್ನು ಮೆಲ್ಲಗೆ ಅಡ್ಡ ಎಳೆದು ನೋಡಿ: ನುಣುಪಾಗಿ ಹೋದರೆ ಸುಕ್ಕು, ಸಿಕ್ಕಿಕೊಂಡರೆ ಬಿರುಕು. ಆರು ತಿಂಗಳಲ್ಲಿ ಬಿರುಕು ಬಂದಿದ್ದರೆ ಫೋಟೋ ತೆಗೆದಿಟ್ಟು, ವಾರಂಟಿ ಇರುವಾಗಲೇ ಲಿಖಿತವಾಗಿ ದೂರು ಕೊಡಿ. ಅದಕ್ಕೆ ಮೊದಲು ಯಾವ ಕ್ರೀಮನ್ನೂ ಹಚ್ಚಬೇಡಿ, ನೀವೇ ಏನೋ ಹಚ್ಚಿ ಕೆಡಿಸಿದಿರಿ ಎನ್ನಲು ಅವರಿಗೆ ದಾರಿಯಾಗುತ್ತದೆ. ಇನ್ನೊಂದನ್ನೂ ಪರೀಕ್ಷಿಸಿ. ‘ಲೆದರ್ ಸೀಟು’ ಎಂದು ಮಾರುವ ಎಷ್ಟೋ ಕಾರುಗಳಲ್ಲಿ ಮೈ ತಾಗುವ ಭಾಗ ಮಾತ್ರ ಚರ್ಮ, ಪಕ್ಕ ಮತ್ತು ಹಿಂಭಾಗ ರೆಕ್ಸಿನ್ ಜಾತಿಯ ಕೃತಕ ಬಟ್ಟೆ. ಸುಕ್ಕು ಬಿದ್ದದ್ದು ನಡುವೆ, ಅಂಚು ಹಾಗೇ ನುಣುಪಾಗಿದೆ ಎಂದರೆ ಕಾರಣ ಅದೂ ಇರಬಹುದು.

ಕಾರನ್ನು ಬಿಸಿಲಲ್ಲಿ ನಿಲ್ಲಿಸುತ್ತೀರಾದರೆ ಮುಂಗಾಜಿಗೆ ಪರದೆ ಕಟ್ಟಿ. ಮುಚ್ಚಿದ ಕಾರಿನಲ್ಲಿ ಬಿಸಿಲು ನೇರ ಬೀಳುವ ಸೀಟಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಅಂಥ ಕಾದ ಸೀಟಿನ ಮೇಲೆ ಕೂತು ಏಳುವಾಗಲೇ ಹೊಸ ಮಡಿಕೆಗಳು ಬೇಗ ಆಳವಾಗುವುದು.