ಹಳೆಯ ವೋಲ್ವೋ 240 ಸ್ಟೇಷನ್ ವ್ಯಾಗನ್ ಕೊಂಡವರು ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕು?

ನೀವು ಮಿಷಿಗನ್‌ನಲ್ಲಿದ್ದೀರಿ. 1986ರ ಮ್ಯಾನ್ಯುಯಲ್ ಗೇರಿನದೊಂದು, 1990ರ ಆಟೊಮ್ಯಾಟಿಕ್ ಗೇರಿನದೊಂದು, ಹೀಗೆ ಎರಡು ವೋಲ್ವೋ 240 ಸ್ಟೇಷನ್ ವ್ಯಾಗನ್‌ಗಳು ನಿಮ್ಮ ಸುತ್ತಮುತ್ತ ಮಾರಾಟಕ್ಕಿವೆ. ಯಾವುದನ್ನು ಕೊಳ್ಳಬೇಕು, ಕೊಂಡ ಮೇಲೆ ಟರ್ಬೋ ಎಂಜಿನ್ನನ್ನೂ ಒಳ್ಳೆಯ ಸಸ್ಪೆನ್ಷನ್ನನ್ನೂ ಹಾಕಿಸಿಕೊಂಡು ದಿನನಿತ್ಯ ಓಡಿಸಬಹುದೇ ಎಂದು ಕೇಳಿದ್ದೀರಿ. ನಾನು ಕ್ಯಾಲಿಫೋರ್ನಿಯಾದಲ್ಲಿ 1990ರದೇ ವ್ಯಾಗನ್ ಒಂದನ್ನು ಹಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ, ಅದರ ಬಹುಪಾಲು ಕೆಲಸವನ್ನು ಮನೆಯ ಗ್ಯಾರೇಜಿನಲ್ಲಿ ನಾನೇ ಮಾಡುತ್ತೇನೆ. ನನ್ನ ಉತ್ತರ ಇಷ್ಟು: ಎರಡರಲ್ಲಿ ತುಕ್ಕು ಕಡಿಮೆ ಇರುವುದನ್ನು ಕೊಳ್ಳಿ; ಬಾಡಿ ಎರಡರದ್ದೂ ಒಂದೇ ಮಟ್ಟದಲ್ಲಿದ್ದರೆ 1990ರದನ್ನು ಆರಿಸಿ; ಮೊದಲ ವರ್ಷ ತೆಗೆದಿಟ್ಟ ಹಣವನ್ನೆಲ್ಲ ದುರಸ್ತಿಗೇ ಬಳಸಿ. ಟರ್ಬೋ ವಿಚಾರ ಆಮೇಲಿನದು.

ತುಕ್ಕನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣವಿದೆ. ಈ 240 ಸಾಲಿನ ಗಾಡಿಗಳು 1974ರಿಂದ 1993ರವರೆಗೆ ತಯಾರಾದವು. ಎಲ್ಲ ಬಗೆಯವೂ ಸೇರಿ 28 ಲಕ್ಷಕ್ಕೂ ಹೆಚ್ಚು. ಕೆಂಪು ಬಣ್ಣ ಬಳಿದ ಎರಕದ ಕಬ್ಬಿಣದ ಬ್ಲಾಕಿನಿಂದಾಗಿ ರೆಡ್‌ಬ್ಲಾಕ್ ಎಂದೇ ಹೆಸರಾದ ಇವುಗಳ ಎಂಜಿನ್ ಸರಿಯಾಗಿ ಆಯಿಲ್ ಬದಲಿಸುತ್ತಿದ್ದರೆ ಲಕ್ಷಗಟ್ಟಲೆ ಮೈಲಿ ಓಡುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಿಮ್ಮಂಥ ರಾಜ್ಯಗಳಲ್ಲಿ ಅಂಥ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಬಾಡಿ ಕೈಕೊಟ್ಟು ಗಾಡಿ ಗುಜರಿಗೆ ಹೋಗುತ್ತದೆ. ಆದ್ದರಿಂದ ನೋಡಲು ಹೋದಾಗ ಬಾನೆಟ್ ತೆರೆಯುವ ಮೊದಲು ಹಿಂದಿನ ಸಾಮಾನಿಡುವ ಜಾಗದ ಕಾರ್ಪೆಟ್ ಎತ್ತಿಸಿ, ಸ್ಟೆಪ್ನಿ ಇರುವ ಗುಳಿಯಲ್ಲಿ ನೀರು ನಿಂತ ಗುರುತಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಹಿಂಚಕ್ರಗಳ ಕಮಾನಿನ ಒಳಗಂಚು, ಜ್ಯಾಕ್ ಕೊಡುವ ಜಾಗಗಳು, ಹಿಂಬಾಗಿಲಿನ ಗಾಜಿನ ಕೆಳಗಿನ ಅಂಚು, ಮುಂದಿನ ಆಸನಗಳ ಕಾಲಿಡುವ ತಳ, ಇವಿಷ್ಟನ್ನೂ ಬೆರಳಿನಿಂದ ಒತ್ತಿಯೇ ನೋಡಬೇಕು. ಹೊಸ ಬಣ್ಣದ ಕೆಳಗೆ ಮೆತ್ತಗೆ ಸಿಕ್ಕಿದರೆ ಆ ಗಾಡಿಯ ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ. ಸಾಧ್ಯವಾದರೆ ಒಣ ಹವೆಯ ರಾಜ್ಯದಿಂದ ಬಂದ ಗಾಡಿಯನ್ನೇ ಹುಡುಕಿ. ಸಾಗಾಣಿಕೆಯ ಖರ್ಚು ಬಾಡಿ ವೆಲ್ಡಿಂಗಿನ ಖರ್ಚಿಗಿಂತ ಕಡಿಮೆಯೇ ಆಗುತ್ತದೆ. ಮೈಲಿ ತೋರಿಸುವ ಓಡೋಮೀಟರನ್ನು ನಂಬಬೇಡಿ. ಅದರೊಳಗಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ ಮುರಿದು ಅಂಕಿ ನಿಂತುಹೋಗುವುದು ಈ ಗಾಡಿಗಳಲ್ಲಿ ತೀರಾ ಸಾಮಾನ್ಯವಾದ್ದರಿಂದ ಸರ್ವಿಸ್ ಬಿಲ್ಲುಗಳೇ ನಿಜವಾದ ಲೆಕ್ಕ.

ಇನ್ನು 1986ಕ್ಕೂ 1990ಕ್ಕೂ ಇರುವ ವ್ಯತ್ಯಾಸ. ಹೆಚ್ಚು ಕಡಿಮೆ 1980ರಿಂದ 1987ರವರೆಗಿನ ಗಾಡಿಗಳಲ್ಲಿ ಎಂಜಿನ್ನಿನ ವೈರಿಂಗ್‌ಗೆ ಬಳಸಿದ ಹೊದಿಕೆ ಶಾಖಕ್ಕೂ ಎಣ್ಣೆಗೂ ತಾಳದ ಬಗೆಯದು. ಆಲ್ಟರ್ನೇಟರಿನ ಬಳಿ ಅಥವಾ ಆಯಿಲ್ ಪ್ರೆಷರ್ ಸೆನ್ಸರಿನ ಬಳಿ ಒಂದು ವೈರನ್ನು ಮೆಲ್ಲಗೆ ಬಾಗಿಸಿದರೆ ಹೊದಿಕೆ ಒಣಗಿದ ಈರುಳ್ಳಿ ಸಿಪ್ಪೆಯಂತೆ ಉದುರಿ ತಾಮ್ರ ಹೊರಬರುತ್ತದೆ. ಅಲ್ಲಿಂದ ಮುಂದೆ ಒಂದು ದಿನ ಸ್ಟಾರ್ಟ್ ಆಗುವುದಿಲ್ಲ, ಇನ್ನೊಂದು ದಿನ ಐಡ್ಲಿಂಗ್ ಒಂದೇ ಸಮನೆ ಇರುವುದಿಲ್ಲ, ಕಾರಣ ಮಾತ್ರ ಯಾರಿಗೂ ಸಿಗುವುದಿಲ್ಲ. 1986ರ ಗಾಡಿಯ ವೈರಿಂಗನ್ನು ಹಿಂದಿನ ಮಾಲೀಕರು ಪೂರ್ತಿಯಾಗಿ ಬದಲಿಸಿದ್ದಾರೆಯೇ ಎಂಬುದು ನೀವು ಕೇಳಬೇಕಾದ ಮೊದಲ ಪ್ರಶ್ನೆ. ಬದಲಿಸಿಲ್ಲವಾದರೆ ಹೊಸ ಹಾರ್ನೆಸ್ಸಿನ (ವೈರುಗಳ ಪೂರ್ತಿ ಕಟ್ಟಿನ) ಬೆಲೆಯನ್ನು ಗಾಡಿಯ ಬೆಲೆಯಲ್ಲಿ ಕಳೆದುಕೊಂಡು ಮಾತಾಡಿ.

1990ರದರಲ್ಲಿ ಆ ತೊಂದರೆ ಇಲ್ಲ. ಚಾಲಕನ ಏರ್‌ಬ್ಯಾಗ್ ಇದೆ, ಬಾಷ್ ಕಂಪನಿಯ ಎಲ್‌ಎಚ್ 2.4 ಇಂಧನ ವ್ಯವಸ್ಥೆ ಇದೆ, ಅದರ ಜೊತೆಗೆ ತನ್ನ ದೋಷವನ್ನು ತಾನೇ ಹೇಳುವ ಒಂದು ಕಪ್ಪು ಪೆಟ್ಟಿಗೆಯೂ ಇದೆ. ಬಾನೆಟ್ ಕೆಳಗೆ ಎಡ ಮುಂಚಕ್ರದ ಸಸ್ಪೆನ್ಷನ್ನಿನ ಮೇಲ್ತುದಿ ಕೂರುವ ಸ್ಟ್ರಟ್ ಟವರ್ ಬಳಿ ಅದರ ಮುಚ್ಚಳ ತೆರೆದರೆ ಆರು ರಂಧ್ರ, ಒಂದು ಗುಂಡಿ, ಒಂದು ಕೆಂಪು ದೀಪ, ತುದಿಗೆ ಪಿನ್ ಇರುವ ಒಂದು ತುಂಡು ವೈರು ಕಾಣುತ್ತವೆ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಪಿನ್ನನ್ನು 2ನೆಯ ರಂಧ್ರಕ್ಕೆ ಚುಚ್ಚಿ ಗುಂಡಿಯನ್ನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಒತ್ತಿ ಬಿಟ್ಟರೆ ದೀಪ ಮಿಣುಕಿ ಮೂರಂಕಿಯ ಸಂಖ್ಯೆಯೊಂದನ್ನು ಹೇಳುತ್ತದೆ. 1-1-1 ಬಂದರೆ ಇಂಧನ ವ್ಯವಸ್ಥೆಯಲ್ಲಿ ದಾಖಲಾದ ದೋಷವಿಲ್ಲ. 1-2-1 ಬಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಮಾಸ್ ಮೀಟರಿನ ಕಡೆ ನೋಡಬೇಕು. ಇಗ್ನಿಷನ್ ವ್ಯವಸ್ಥೆಯನ್ನು ಕೇಳಲು ಪಿನ್ನನ್ನು 6ನೆಯ ರಂಧ್ರಕ್ಕೆ ಹಾಕಬೇಕು. ಯಾವ ಯಂತ್ರವೂ ಬೇಡದ ಈ ಪರೀಕ್ಷೆಯನ್ನು ಮಾರುವವರ ಮನೆಯ ಮುಂದೆಯೇ ಮಾಡಿಬಿಡಬಹುದು. ನನಗೆ ಈ ಗಾಡಿಯ ಮೇಲೆ ಇರುವ ಗೌರವಕ್ಕೆ ಇದೂ ಒಂದು ಕಾರಣ: ಮಾಲೀಕ ತಾನೇ ಕೈಯಿಟ್ಟು ಸರಿಮಾಡಿಕೊಳ್ಳಲಿ ಎಂದು ಯೋಚಿಸಿ ಕಟ್ಟಿದ್ದಾರೆ.

ಕೊಂಡ ಮೇಲೆ ಮೊದಲ ಕೆಲಸ ಫ್ಲೇಮ್ ಟ್ರ್ಯಾಪ್. ಎಂಜಿನ್ನಿನೊಳಗೆ ಹುಟ್ಟುವ ಹೊಗೆಯನ್ನು ಮತ್ತೆ ಇಂಟೇಕ್ ಕಡೆಗೆ ಕಳಿಸುವ ದಾರಿಯಲ್ಲಿ ಇಂಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಇದು. ಎಣ್ಣೆಯ ಜಿಡ್ಡು ಕಟ್ಟಿ ಇದು ಮುಚ್ಚಿಕೊಂಡರೆ ಒಳಗಿನ ಒತ್ತಡ ಏರಿ, ಸೀಲುಗಳನ್ನು ಹೊರಕ್ಕೆ ತಳ್ಳಿ, ಎಲ್ಲ ಕಡೆಯಿಂದ ಆಯಿಲ್ ಸೋರತೊಡಗುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಆ ಬಾಯಿಗೆ ತೆಳುವಾದ ರಬ್ಬರ್ ಕೈಗವಸೊಂದನ್ನು ಸಿಕ್ಕಿಸಿ. ಗವಸು ಒಳಕ್ಕೆ ಎಳೆದುಕೊಂಡರೆ ದಾರಿ ಸ್ವಚ್ಛವಾಗಿದೆ; ಉಬ್ಬಿ ಮೇಲಕ್ಕೆ ನಿಂತರೆ ಒತ್ತಡವಿದೆ. ಗವಸು ಉಬ್ಬುತ್ತಿರುವ ಗಾಡಿಗೆ ಹೊಸ ಸೀಲು ಹಾಕಿಸಿದರೆ ಅದೂ ಕೆಲವೇ ದಿನಗಳಲ್ಲಿ ಸೋರುತ್ತದೆ, ಆದ್ದರಿಂದ ಫ್ಲೇಮ್ ಟ್ರ್ಯಾಪ್, ಅದರ ಕೆಳಗಿನ ಬ್ರೀದರ್ ಪೆಟ್ಟಿಗೆ, ಕೊಳವೆಗಳು ಮೂರನ್ನೂ ಒಟ್ಟಿಗೆ ಬದಲಿಸಿ, ಸೀಲುಗಳಿಗೆ ಆಮೇಲೆ ಬನ್ನಿ.

ವಾಲ್ವುಗಳನ್ನು ಪಿಸ್ಟನ್‌ಗಳ ಲಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟನ್ನು 50,000 ಮೈಲಿಗೊಮ್ಮೆ ಬದಲಿಸಬೇಕು. ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಎರಡೂ ಗಾಡಿಗಳಲ್ಲಿರುವ ಬಿ230ಎಫ್ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೂ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುವುದಿಲ್ಲ, ಗಾಡಿ ನಿಲ್ಲುತ್ತದೆ ಅಷ್ಟೆ. ಆ ಭಾಗವನ್ನು ಬಿಚ್ಚಿದಾಗ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನೂ ಮುಂಭಾಗದ ಸೀಲುಗಳನ್ನೂ ಹಾಕಿಸಿ, ಜೊತೆಗೆ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಪುಲ್ಲಿಯನ್ನು ಗಮನಿಸಿ. ಅದರ ಒಳಗಿನ ಭಾಗಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇದ್ದು, ವಯಸ್ಸಾದಂತೆ ಅದು ಬಿಟ್ಟುಕೊಳ್ಳುತ್ತದೆ. ಹೊರಬಳೆ ಜಾರಿದರೆ ಅದರ ಮೇಲಿನ ಟೈಮಿಂಗ್ ಗುರುತೂ ಸುಳ್ಳಾಗುತ್ತದೆ. ಒಳಭಾಗದಿಂದ ಹೊರಬಳೆಯವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು, ಕೆಲವು ವಾರ ಓಡಿಸಿ ನೋಡಿ. ಗೆರೆ ಮುರಿದಿದ್ದರೆ ಪುಲ್ಲಿ ಬದಲಿಸಬೇಕು.

ಸ್ಟಾರ್ಟಿಂಗ್ ತೊಂದರೆಗಳಲ್ಲಿ ಬಹುಪಾಲು ವಿದ್ಯುತ್ತಿನ ಕಡೆಯವು, ಅದರಲ್ಲೂ ಪಂಪಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ಫ್ಯೂಯೆಲ್ ಪಂಪ್ ರಿಲೇಯದು. ಅದರೊಳಗಿನ ಬೆಸುಗೆಗಳಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಏನೂ ಆಗದಂತೆ ಹೊರಡುತ್ತದೆ. ನನ್ನ ಗಾಡಿ ಬೇಸಿಗೆಯಲ್ಲಿ ಹೀಗೆ ಮಾಡಿದಾಗ ರಿಲೇ ಬಿಚ್ಚಿ, ಭೂತಗನ್ನಡಿಯಲ್ಲಿ ಬಿರುಕು ನೋಡಿ, ಮತ್ತೆ ಬೆಸುಗೆ ಹಾಕಿದೆ, ಅಲ್ಲಿಗೆ ಮುಗಿಯಿತು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ನಾಲ್ಕನೆಯ ಗೇರಿಗೆ ಹೋಗದಿದ್ದರೆ ಗೇರ್‌ಬಾಕ್ಸ್ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಆ ಗೇರಿಗೆ ಸಂಬಂಧಿಸಿದ ಓವರ್‌ಡ್ರೈವ್ ರಿಲೇಯನ್ನೂ ಹೀಗೇ ಬಿಚ್ಚಿ ನೋಡಿ. ಚಾಲಕನ ಎಡಗಾಲಿನ ಬಳಿಯ ಫ್ಯೂಸ್ ಪೆಟ್ಟಿಗೆಯಲ್ಲಿರುವುದು ಮೊನಚು ತುದಿಯ ಹಳೆಯ ಬಗೆಯ ಫ್ಯೂಸುಗಳು. ಅವುಗಳ ತುದಿಗೆ ಕಿಲುಬು ಹಿಡಿದರೆ ಫ್ಯೂಸ್ ಚೆನ್ನಾಗಿದ್ದರೂ ಕರೆಂಟ್ ಹರಿಯುವುದಿಲ್ಲ. ಎಲ್ಲವನ್ನೂ ಹೊಸದಾಗಿ ಹಾಕಿ, ಹಿಡಿಕೆಗಳನ್ನು ಉಜ್ಜಿ. ಗಾಡಿಯ ಕೆಳಗಿನ ಮುಖ್ಯ ಪಂಪು ಜೋರಾಗಿ ಗುಂಯ್‌ಗುಡುತ್ತಿದ್ದರೆ ದೋಷ ಹೆಚ್ಚಾಗಿ ಅದರದಲ್ಲ, ಟ್ಯಾಂಕಿನೊಳಗಿನ ಚಿಕ್ಕ ಪಂಪಿನದು ಅಥವಾ ಅದರ ಕೊಳವೆಯದು.

ವ್ಯಾಗನ್ನಿಗಷ್ಟೇ ಇರುವ ಒಂದು ಕಾಯಿಲೆ ಹಿಂಬಾಗಿಲಿನದು. ಹಿಂದಿನ ವೈಪರ್, ಗಾಜು ಕಾಯಿಸುವ ತಂತಿ, ನಂಬರ್ ಪ್ಲೇಟಿನ ದೀಪ ಇವುಗಳ ವೈರುಗಳೆಲ್ಲ ಬಾಗಿಲಿನ ಕೀಲುಗಳ ಬಳಿ ಹಾದುಹೋಗುತ್ತವೆ. ಬಾಗಿಲು ಎತ್ತಿ ಇಳಿಸಿದಾಗಲೆಲ್ಲ ಬಾಗಿ ಬಾಗಿ ಒಂದು ದಿನ ತುಂಡಾಗುತ್ತವೆ. ಮೋಟರ್ ಬದಲಿಸಲು ಹೋಗದೆ ಮೊದಲು ಅಲ್ಲಿ ಬಿಚ್ಚಿ ನೋಡಿ, ಹೆಚ್ಚು ಎಳೆಗಳಿರುವ ಮೆತ್ತನೆಯ ವೈರನ್ನು ಸ್ವಲ್ಪ ಸಡಿಲವಾಗಿ ಬಿಟ್ಟು ಜೋಡಿಸಿ.

ಬ್ರೇಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇದರ ಎರಡು ಬ್ರೇಕ್ ಸರ್ಕ್ಯೂಟುಗಳಲ್ಲಿ ಪ್ರತಿಯೊಂದೂ ಮುಂದಿನ ಎರಡು ಚಕ್ರಗಳನ್ನೂ ಹಿಂದಿನ ಒಂದು ಚಕ್ರವನ್ನೂ ಹಿಡಿಯುತ್ತದೆ. ಒಂದು ಸರ್ಕ್ಯೂಟ್ ಸೋರಿಹೋದರೂ ಮೂರು ಚಕ್ರಗಳಲ್ಲಿ ಬ್ರೇಕ್ ಉಳಿಯಲಿ ಎಂಬ ಈ ಏರ್ಪಾಡಿನಿಂದಾಗಿ ಮುಂದಿನ ಪ್ರತಿ ಚಕ್ರಕ್ಕೂ ಎರಡೆರಡು ರಬ್ಬರ್ ಹೋಸುಗಳಿವೆ, ಬ್ರೇಕ್ ಕೊಳವೆಗಳೊಳಗಿನ ಗಾಳಿ ತೆಗೆಯುವುದಕ್ಕೂ ಕೈಪಿಡಿಯಲ್ಲಿ ಹೇಳಿದ ಕ್ರಮವಿದೆ. ಆ ಕ್ರಮ ಗೊತ್ತಿಲ್ಲದ ಮೆಕ್ಯಾನಿಕ್ ಕೈಗೆ ಕೊಡಬೇಡಿ. ರೇಡಿಯೇಟರ್, ಹೋಸುಗಳು, ಹೀಟರಿನ ವಾಲ್ವ್ ಹಳೆಯವಾಗಿದ್ದರೆ ಒಟ್ಟಿಗೆ ಹಾಕಿಸಿ. ಹೀಟರಿನ ಬ್ಲೋವರ್ ಮೋಟರ್ ಕೆಟ್ಟಿದ್ದರೆ ಅದನ್ನು ತಲುಪಲು ಡ್ಯಾಶ್‌ಬೋರ್ಡಿನ ಅರ್ಧವನ್ನೇ ಬಿಚ್ಚಬೇಕಾಗುವುದರಿಂದ, ಕೊಳ್ಳುವ ಮುನ್ನ ಎಲ್ಲ ವೇಗದಲ್ಲೂ ಓಡಿಸಿ ಕಿವಿಗೊಟ್ಟು ಕೇಳಿ. ಮಿಷಿಗನ್ ಚಳಿಯಲ್ಲಿ ಅದಿಲ್ಲದೆ ಆಗುವುದಿಲ್ಲ.

ಇಷ್ಟಾದ ಮೇಲೆ ಸಸ್ಪೆನ್ಷನ್. ಇಲ್ಲಿ ಹಾಕಿದ ಹಣ ಪ್ರತಿ ತಿರುವಿನಲ್ಲೂ ಕಾಣಿಸುತ್ತದೆ. ಹಿಂದಿನ ಗಟ್ಟಿ ಆಕ್ಸಲನ್ನು ಹಿಡಿದಿರುವ ಟ್ರೇಲಿಂಗ್ ಆರ್ಮ್, ಟಾರ್ಕ್ ರಾಡ್, ಪ್ಯಾನ್‌ಹಾರ್ಡ್ ರಾಡ್ ಇವುಗಳ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು), ಮುಂದಿನ ಕಂಟ್ರೋಲ್ ಆರ್ಮ್ ಬುಷ್, ಸ್ಟ್ರಟ್ಟಿನ ಮೇಲಿನ ಮೌಂಟ್, ಬಾಲ್ ಜಾಯಿಂಟ್ ಇವನ್ನೆಲ್ಲ ಹೊಸದು ಮಾಡಿಸಿದರೆ, ಗೇರ್ ಹಾಕಿದಾಗ ಹಿಂದೆ ಕೇಳುವ ಟಕ್ಕೆನ್ನುವ ಸದ್ದೂ, ಹೈವೇಯಲ್ಲಿ ಗಾಡಿ ಅತ್ತಿತ್ತ ಅಲೆಯುವುದೂ ನಿಂತುಹೋಗುತ್ತದೆ. ಪಾಲಿಯುರೆಥೇನ್ ಬುಷ್ ಹಾಕಿಸಿ ಎನ್ನುವವರು ಬಹಳ ಮಂದಿ ಸಿಗುತ್ತಾರೆ. ನಾನು ರಬ್ಬರಿನ ಪರ: ರೇಸ್ ಟ್ರ್ಯಾಕಿಗೆ ಹೋಗದ ಗಾಡಿಗೆ ಆ ಗಡಸುತನದಿಂದ ಸದ್ದೂ ಕಂಪನವೂ ಹೆಚ್ಚುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಅದರ ಬದಲು ಗ್ಯಾಸ್ ತುಂಬಿದ ಒಳ್ಳೆಯ ಶಾಕ್ ಅಬ್ಸಾರ್ಬರುಗಳನ್ನೂ ಮುಂದೆ ಹಿಂದೆ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ದಪ್ಪನೆಯ ಆಂಟಿ-ರೋಲ್ ಬಾರುಗಳನ್ನೂ ಹಾಕಿಸಿ. ಓರೆಗಾನಿನ ಪೋರ್ಟ್‌ಲ್ಯಾಂಡಿನಲ್ಲಿರುವ ಐಪಿಡಿ ಸಂಸ್ಥೆ ದಶಕಗಳಿಂದ ಇವನ್ನು ಮಾರುತ್ತಿದೆ, ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರು ಮನೆಯಲ್ಲೇ ಕೂರಿಸಬಹುದು. ಚೆಂದಕ್ಕಾಗಿ ಗಾಡಿಯನ್ನು ತಗ್ಗಿಸುವ ಸ್ಪ್ರಿಂಗ್ ಮಾತ್ರ ಬೇಡವೇ ಬೇಡ. ಸಾಮಾನು ತುಂಬಿ ಓಡಿಸಲೆಂದೇ ಹುಟ್ಟಿದ ಗಾಡಿಯ ಹಿಂಭಾಗ ಕೂರುವಂತೆ ಮಾಡಿದರೆ ಅದು ವ್ಯಾಗನ್ನಾಗಿ ಉಳಿಯುವುದಿಲ್ಲ. ಹಳೆಯ ಸ್ಪ್ರಿಂಗ್ ಸೋತಿದ್ದರೆ ವ್ಯಾಗನ್ನಿಗೆಂದೇ ಮಾಡಿದ ಭಾರದ ಸ್ಪ್ರಿಂಗ್ ಹಾಕಿಸಿ.

ಟರ್ಬೋ ನಿಮ್ಮ ಮನಸ್ಸಿನಲ್ಲಿದೆ ಎಂದು ಗೊತ್ತು, ಅದು ಅಸಾಧ್ಯವೂ ಅಲ್ಲ. ನಿಮಗೆ ಸಿಗುವ ಬಿ230ಎಫ್ 114 ಅಶ್ವಶಕ್ತಿಯದು. ವೋಲ್ವೋದ್ದೇ ಆದ 740 ಮತ್ತು 940 ಟರ್ಬೋ ಗಾಡಿಗಳ ಬಿ230ಎಫ್‌ಟಿ ಅದೇ ಕುಟುಂಬದ, 162 ಅಶ್ವಶಕ್ತಿಯ ಎಂಜಿನ್. ಅಗ್ಗವಾಗುತ್ತದೆಂದು ಇರುವ ಎಂಜಿನ್ನಿಗೇ ಟರ್ಬೋ ಜೋಡಿಸುವ ದಾರಿ ಹಿಡಿಯಬೇಡಿ. ಬಿ230ಎಫ್‌ನ ಕಂಪ್ರೆಷನ್ ಅನುಪಾತ (ಸಿಲಿಂಡರಿನೊಳಗಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ) 9.8:1, ಟರ್ಬೋ ಎಂಜಿನ್ನಿನದು 8.7:1; ಈ ಅಂತರವನ್ನು ಕಾರ್ಖಾನೆ ಕಾರಣವಿಟ್ಟೇ ಇಟ್ಟಿದೆ, ಅದನ್ನು ಮರೆತು ಬೂಸ್ಟ್ (ಟರ್ಬೋ ತಳ್ಳುವ ಗಾಳಿಯ ಒತ್ತಡ) ಏರಿಸಿದರೆ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಶುರುವಾಗಿ ಪಿಸ್ಟನ್ ಒಡೆಯುತ್ತದೆ. ಮಾಡುವುದಾದರೆ ತುಕ್ಕು ಹಿಡಿದು ಓಡಿಸಲಾಗದ, ಆದರೆ ಎಂಜಿನ್ ಚೆನ್ನಾಗಿರುವ ಟರ್ಬೋ ಗಾಡಿಯೊಂದನ್ನು ಇಡಿಯಾಗಿ ಕೊಂಡು, ಎಂಜಿನ್, ಕಂಪ್ಯೂಟರ್, ವೈರಿಂಗ್, ಇಂಟರ್‌ಕೂಲರ್ ಎಲ್ಲವನ್ನೂ ಅದರಿಂದಲೇ ತೆಗೆಯಿರಿ. 1990ರ ನಂತರದ ಎಂಜಿನ್ನುಗಳ ಕನೆಕ್ಟಿಂಗ್ ರಾಡುಗಳು ದಪ್ಪನಾದವು ಎಂಬುದನ್ನು ಹುಡುಕುವಾಗ ನೆನಪಿಡಿ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ 1976ರ ಮತ್ತು ಆಮೇಲಿನ ಪೆಟ್ರೋಲ್ ಗಾಡಿಗಳಿಗೆಲ್ಲ ಹೊಗೆ ತಪಾಸಣೆ ಇರುವುದರಿಂದ ನನ್ನ ಎಂಜಿನ್ನನ್ನು ಕಾರ್ಖಾನೆಯಿಂದ ಬಂದ ಹಾಗೆಯೇ ಇಟ್ಟಿದ್ದೇನೆ. ಆ 114 ಅಶ್ವಶಕ್ತಿಯಲ್ಲೇ ಬೆಟ್ಟದ ದಾರಿಗಳನ್ನು ತೃಪ್ತಿಯಿಂದ ಹತ್ತುತ್ತೇನೆ.

ದಿನನಿತ್ಯದ ಬಳಕೆಗೆ ಈ ಗಾಡಿ ಖಂಡಿತ ಆಗುತ್ತದೆ, ನನ್ನದು ಆಗುತ್ತಿದೆ. ಆದರೆ ಸುರಕ್ಷತೆಗೆ ಹೆಸರಾಗಿದ್ದು ಅದರ ಕಾಲದಲ್ಲಿ. ಪಕ್ಕದ ಏರ್‌ಬ್ಯಾಗ್‌ಗಳಾಗಲಿ, ಜಾರುವಾಗ ಹಿಡಿದಿಡುವ ಸ್ಟೆಬಿಲಿಟಿ ಕಂಟ್ರೋಲ್ ಆಗಲಿ ಇದರಲ್ಲಿಲ್ಲ. ಚಿಕ್ಕ ಮಕ್ಕಳಿದ್ದರೆ ಹಿಮ ಬಿದ್ದ ದಿನಗಳಿಗೆ ಇನ್ನೊಂದು ಗಾಡಿ ಇಟ್ಟುಕೊಳ್ಳಿ. ಕೆಲವು ವ್ಯಾಗನ್‌ಗಳಲ್ಲಿ ಹಿಂದಕ್ಕೆ ಮುಖಮಾಡಿದ ಮೂರನೆಯ ಸಾಲಿನ ಆಸನವಿರುತ್ತದೆ, ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಹಿಂದಿನಿಂದ ಬಂದು ಗುದ್ದುವ ಗಾಡಿಗೆ ಅಷ್ಟು ಹತ್ತಿರ ಇರುವುದರಿಂದ ಹೈವೇಯಲ್ಲಿ ಯಾರನ್ನೂ ಅಲ್ಲಿ ಕೂರಿಸಬೇಡಿ. ಗ್ಲವ್‌ಬಾಕ್ಸಿನಲ್ಲಿ ಒಂದು ಒಳ್ಳೆಯ ಫ್ಯೂಯೆಲ್ ಪಂಪ್ ರಿಲೇ, ಒಂದು ಕಟ್ಟು ಫ್ಯೂಸ್ ಸದಾ ಇರಲಿ. ಎರಡೂ ಗಾಡಿಗಳ ಕೆಳಭಾಗವನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡುವವರೆಗೆ ಮುಂಗಡ ಕೊಡಬೇಡಿ.