ಫಾಲ್ಸ್ ಸೀಲಿಂಗಿಗೆ ಪೋಲ್ ಒತ್ತಬೇಡಿ, ಇನ್ನೊಂದು ಸಲ ಹೇಳುತ್ತೇನೆ

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಪೋಲ್ ಫಿಟ್ನೆಸ್, ಅಂದರೆ ನೆಟ್ಟಗೆ ನಿಂತ ಸ್ಟೀಲ್ ಕಂಬ ಹತ್ತಿ, ಸುತ್ತಿ ಮಾಡುವ ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಹಾಗಾಗಿ ಜಾಗವೂ ಅದಕ್ಕೇ ಜಾಸ್ತಿ. ಪೋಲ್ ಮಾಡುವುದನ್ನು ಮನೆಯವರು ಒಪ್ಪುತ್ತಾರಾ, ಅತ್ತೆ ಏನಂತಾರೆ ಎಂದು ಕೇಳಿದವರು ದಯವಿಟ್ಟು ಅತ್ತೆಯನ್ನೇ ಕೇಳಿ.

ಪ್ರಶ್ನೆ: ರಾಜರಾಜೇಶ್ವರಿ ನಗರದಲ್ಲಿ ಬಾಡಿಗೆ ಫ್ಲ್ಯಾಟ್. ಹಾಲ್‌ನಲ್ಲಿ ಫಾಲ್ಸ್ ಸೀಲಿಂಗ್ ಇದೆ. ಆನ್‌ಲೈನ್‌ನಲ್ಲಿ ಡ್ರಿಲ್ ಮಾಡದೆ ನಿಲ್ಲಿಸುವ ಪೋಲ್ ತರಿಸಿದ್ದೇನೆ. 200 ಕೆ.ಜಿ. ತಡೆಯುತ್ತದೆ ಎಂದು ಡಬ್ಬದ ಮೇಲಿದೆ. ನನ್ನ ತೂಕ 58. ಮಾಲೀಕರು ಗೋಡೆಗೆ ಮೊಳೆ ಹೊಡೆಯಲೂ ಬಿಡುವುದಿಲ್ಲ. ಧೈರ್ಯವಾಗಿ ಹತ್ತಬಹುದಾ ಮೇಡಂ?

ಹತ್ತಬೇಡಿ. ಮೊದಲು ಇದನ್ನು ಪೂರ್ತಿ ಓದಿ.

ಡಬ್ಬದ ಮೇಲಿನ 200 ಕೆ.ಜಿ. ಎನ್ನುವುದು ಕಂಬದ ಲೆಕ್ಕ. ನಿಮ್ಮ ಚಾವಣಿ ಹೇಗಿದೆ ಎಂದು ಡಬ್ಬ ತಯಾರಿಸಿದವನಿಗೆ ಹೇಗೆ ಗೊತ್ತಾಗಬೇಕು? ಎರಡು ಅಂಗೈ ನಡುವೆ ಒಂದು ಪೆನ್ಸಿಲ್ ಒತ್ತಿ ಹಿಡಿಯಿರಿ. ನಿಮ್ಮ ಪೋಲ್ ನಿಂತಿರುವುದು ಹಾಗೆಯೇ. ಕೆಳಗೆ ನೆಲ, ಮೇಲೆ ರಬ್ಬರ್ ಬಟ್ಟಲು, ನಡುವೆ ಒತ್ತಡ. ನೀವು ಕಂಬ ಹಿಡಿದು ಹೊರಕ್ಕೆ ವಾಲಿದಾಗ ಅದನ್ನು ಅಡ್ಡಕ್ಕೆ ಎಳೆಯುತ್ತೀರಿ. ಆಗ ತಡೆಯುವುದು ಆ ರಬ್ಬರ್ ಮತ್ತು ಚಾವಣಿಯ ನಡುವಿನ ಘರ್ಷಣೆ ಒಂದೇ. ಒಂದು ಅಂಗೈ ಸ್ವಲ್ಪ ಸಡಿಲ ಮಾಡಿ ನೋಡಿ, ಪೆನ್ಸಿಲ್ ಏನಾಗುತ್ತದೆ ಎಂದು.

58 ಕೆ.ಜಿ. ಅಂದಿರಿ. ಸುಮ್ನೆ ನೇತಾಡಿದರೆ 58. ಅದೇ ಭಾರ ಇದ್ದಕ್ಕಿದ್ದಂತೆ ಬಿದ್ದರೆ ಕಂಬಕ್ಕೆ ತಗಲುವುದು ಅದರ ಎರಡರಷ್ಟು. ಮೇಲಿನಿಂದ ಜಾರಿ ತಟ್ಟನೆ ಹಿಡಿದುಕೊಂಡರೆ ಇನ್ನೂ ಜಾಸ್ತಿ.

ಈಗ ಫಾಲ್ಸ್ ಸೀಲಿಂಗ್. ಅದು 12.5 ಮಿ.ಮೀ. ದಪ್ಪದ ಜಿಪ್ಸಂ ಹಲಗೆ. ತಗಡಿನ ಚಾನೆಲ್‌ಗಳಿಗೆ ಸ್ಕ್ರೂ ಹಾಕಿ, ಮೋಲ್ಡ್‌ನಿಂದ, ಅಂದರೆ ಮೇಲಿನ ಕಾಂಕ್ರೀಟ್ ಚಾವಣಿಯಿಂದ, ಇಳಿಬಿಟ್ಟಿರುತ್ತಾರೆ. ತನ್ನ ಭಾರ, ನಾಲ್ಕು ಲೈಟಿನ ಭಾರ ಹೊರಲಿ ಎಂದು ಮಾಡಿದ್ದು. ಕೆಳಗಿನಿಂದ ಮೇಲಕ್ಕೆ ಒತ್ತಿದರೆ ತಡೆಯಲು ಅದರ ಹಿಂದೆ ಏನೂ ಇಲ್ಲ, ಬರೀ ಗಾಳಿ.

2019ರಲ್ಲಿ ಬನಶಂಕರಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆ. ಮೂರು ದಿನ ಪೋಲ್ ಗಟ್ಟಿಯಾಗಿಯೇ ನಿಂತಿತ್ತಂತೆ. ನಾಲ್ಕನೇ ದಿನ ಮೇಲೆ 'ಕಟ್' ಎಂದು ಸದ್ದಾಯಿತು, ಕಂಬ ನಿಧಾನಕ್ಕೆ ಟಿವಿ ಕಡೆ ವಾಲಿತು. ನಾನು ಹೋದಾಗ ಸೀಲಿಂಗಿನಲ್ಲಿ ಸಾಸರ್ ಗಾತ್ರದ ದುಂಡು ತೂತು. ಬಿಸ್ಕತ್ತನ್ನು ಬೆರಳಿನಿಂದ ಚುಚ್ಚಿದ ಹಾಗಿತ್ತು ಅದರ ಅಂಚು. ಸೋಫಾ ಮೇಲೆಲ್ಲ ಬಿಳಿ ಪುಡಿ. ಅವಳ ಭುಜ ತರಚಿತ್ತು ಅಷ್ಟೆ. ಟಿವಿ ಹೋಯಿತು, ಅಡ್ವಾನ್ಸ್‌ನಲ್ಲೂ ದುಡ್ಡು ಹಿಡಿದುಕೊಂಡರು.

'ನಡುವೆ ಪ್ಲೈವುಡ್ ತುಂಡು ಕೊಟ್ಟರೆ ಆಯ್ತು ಮೇಡಂ' ಎಂದು ಹೇಳುವ ಬಡಗಿಗಳು ಊರ ತುಂಬ ಇದ್ದಾರೆ. ಪ್ಲೈವುಡ್ ಒತ್ತಡವನ್ನು ಹರಡುತ್ತದೆ, ನಿಜ. ಹರಡುವುದು ಅದೇ ಜಿಪ್ಸಂ ಹಲಗೆಯ ಮೇಲೆ. ಸಾಸರ್ ಗಾತ್ರದ ತೂತಿನ ಬದಲು ತಟ್ಟೆ ಗಾತ್ರದ್ದು ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ಬಹಳಷ್ಟು ಫ್ಲ್ಯಾಟ್‌ಗಳಲ್ಲಿ ಹಾಲ್‌ಗೆ ಮಾತ್ರ ಫಾಲ್ಸ್ ಸೀಲಿಂಗ್ ಇರುತ್ತದೆ. ಬೆಡ್‌ರೂಮ್ ನೋಡಿ. ಅಲ್ಲಿ ಬರೀ ಮೋಲ್ಡ್ ಇದ್ದರೆ ಪೋಲ್ ಅಲ್ಲಿಗೆ ಹೋಗಲಿ. ಎಲ್ಲ ಕೋಣೆಗೂ ಫಾಲ್ಸ್ ಸೀಲಿಂಗ್ ಇದ್ದರೆ, ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಹಲಗೆಯಲ್ಲಿ ದುಂಡಗೆ ಕತ್ತರಿಸಿ, ಎಕ್ಸ್‌ಟೆನ್ಶನ್ ತುಂಡು ಸೇರಿಸಿ ಕಂಬವನ್ನು ಮೋಲ್ಡ್‌ವರೆಗೆ ಒಯ್ಯಬೇಕು. ಅವರು ಒಪ್ಪುವುದಿಲ್ಲ ಎಂದು ನನಗೂ ಗೊತ್ತು. ಉಳಿದದ್ದು ಸ್ಟೇಜ್ ಪೋಲ್, ಅಂದರೆ ಅಗಲವಾದ ಭಾರಿ ಪೀಠದ ಮೇಲೆ ತಾನೇ ನಿಲ್ಲುವಂಥದ್ದು. ದುಬಾರಿ, ಅರ್ಧ ಕೋಣೆ ತಿನ್ನುತ್ತದೆ. ಆದರೆ ಚಾವಣಿಯ ತಂಟೆ ಇಲ್ಲ.

ಮೋಲ್ಡ್ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಹೊರದೇಶದ ವಿಡಿಯೊ ನೋಡಿ ನಮ್ಮವರು ಚಾವಣಿಯಲ್ಲಿ ಮರದ ಜಂತೆ ಹುಡುಕುತ್ತಾ ಕೂರುತ್ತಾರೆ. ಐದಿಂಚು ಕಾಂಕ್ರೀಟಿನಲ್ಲಿ ಜಂತೆ ಎಲ್ಲಿಂದ ಬರಬೇಕು? ನಮ್ಮಲ್ಲಿ ನೋಡಬೇಕಾದದ್ದು ಕಾಂಕ್ರೀಟಿನ ಕೆಳಗಿನ ಪ್ಲಾಸ್ಟರ್. ಸ್ಟೂಲ್ ಹತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿ. ಗಟ್ಟಿ ಜಾಗ 'ಟಕ್ ಟಕ್' ಅನ್ನುತ್ತದೆ. ಪ್ಲಾಸ್ಟರ್ ಬಿಟ್ಟುಕೊಂಡಿದ್ದರೆ 'ಡಬ್ ಡಬ್'. ಡಬ್ ಎಂದ ಕಡೆ ಪೋಲ್ ಬೇಡ. ಒತ್ತಡಕ್ಕೆ ಪ್ಲಾಸ್ಟರ್ ಪುಡಿಯಾಗುತ್ತದೆ, ಎರಡು ಮಿ.ಮೀ. ಪುಡಿಯಾದರೂ ಬಿಗಿ ಹೋಯಿತು. ಸೋರಿದ ಕಲೆ, ತುಕ್ಕು ಬಣ್ಣದ ಗೆರೆ ಕಂಡರೆ ಒಳಗೆ ಸರಳು ತುಕ್ಕು ಹಿಡಿಯುತ್ತಿರಬಹುದು. ಆ ಕೋಣೆಯನ್ನೇ ಬಿಡಿ. ನೆಲದ ಟೈಲ್ಸ್‌ಗೂ ಇದೇ ಪರೀಕ್ಷೆ, ಒಂದು ನಾಣ್ಯ ಸಾಕು. ಕೆಳಗೆ ಸಿಮೆಂಟ್ ತುಂಬದ ಟೈಲ್ ಮೇಲೆ ಕಂಬ ನಿಲ್ಲಿಸಿದರೆ ಅದು ಒಂದು ದಿನ ಸೀಳುತ್ತದೆ.

ಫ್ಯಾನ್ ವಿಷಯ ಹೆಚ್ಚಿನವರು ಕೇಳುವುದೇ ಇಲ್ಲ. ಕಂಬದ ಸುತ್ತ ಐದು ಅಡಿ ಖಾಲಿ ಬೇಕು. 48 ಇಂಚಿನ ಫ್ಯಾನಿನ ರೆಕ್ಕೆ ನಡುವಿನಿಂದ ಎರಡು ಅಡಿ ಚಾಚುತ್ತದೆ. ಅಲ್ಲಿಗೆ ಏಳು ಅಡಿ ಅಂತರ. ಹತ್ತು-ಹನ್ನೊಂದರ ಬೆಡ್‌ರೂಮಿನಲ್ಲಿ ಅದು ಆಗದ ಮಾತು, ಆದ್ದರಿಂದ ಫ್ಯಾನ್ ಬಿಚ್ಚಿಸಿ. ಸ್ವಿಚ್ ಆಫ್ ಮಾಡಿದರೆ ಸಾಕಲ್ವಾ ಎಂದು ಒಬ್ಬರು ಕೇಳಿದ್ದರು. ನಿಂತ ರೆಕ್ಕೆಗೆ ಕಾಲು ಬೀಸಿ ಬಡಿದರೂ ರಕ್ತ ಬರುತ್ತದೆ.

ಕೊನೆಗೆ ನಿಮ್ಮ ಕಂಬ. ಅಗ್ಗದ ಪೋಲ್‌ಗಳಲ್ಲಿ ಕಂಬವನ್ನೇ ತಿರುಗಿಸಿ ಬಿಗಿ ಮಾಡುವ ವ್ಯವಸ್ಥೆ ಇರುತ್ತದೆ. ಒಂದು ಕಡೆ ತಿರುಗಿಸಿದರೆ ಉದ್ದವಾಗಿ ಬಿಗಿಯುತ್ತದೆ, ಇನ್ನೊಂದು ಕಡೆಗೆ ಸಡಿಲ. ಈಗ ನೀವು ಅದನ್ನು ಹಿಡಿದು ದಿನಾ ಒಂದೇ ಕಡೆ ಸುತ್ತುತ್ತೀರಿ. ಸ್ಪ್ಯಾನರ್ ಮಾಡುವ ಕೆಲಸವೂ ಅದೇ ತಾನೆ? ನೀವು ಸುತ್ತುವುದು ಸಡಿಲವಾಗುವ ಕಡೆಗೇ ಆದರೆ ದಿನಕ್ಕೊಂದು ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಗೊತ್ತಾಗುವುದಿಲ್ಲ. ಬಿಗಿ ಮಾಡಿದ ದಿನ ಕಂಬ ತಿರುಗುವ ಜಾಗದಲ್ಲಿ, ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಸೇರಿಸಿ ಪೆನ್ಸಿಲ್‌ನಿಂದ ಒಂದು ಉದ್ದ ಗೆರೆ ಎಳೆಯಿರಿ. ಹತ್ತುವ ಮುಂಚೆ ಪ್ರತಿ ಸಲ ಆ ಗೆರೆ ನೋಡಿ. ಎರಡು ತುಂಡಾಗಿದ್ದರೆ ಆ ದಿನ ಹತ್ತಬೇಡಿ, ಮತ್ತೆ ಬಿಗಿ ಮಾಡಿ. ಹಾಗಂತ ಸಿಟ್ಟಿನಿಂದ ಬಿಗಿದು ಪ್ಲಾಸ್ಟರ್ ಒಡೆಯಬೇಡಿ, ಕೈಪಿಡಿಯಲ್ಲಿ ಹೇಳಿದಷ್ಟೇ. ನಾನು ಈಗಲೂ ಕ್ಲಾಸಿಗೆ ಮುಂಚೆ ಪ್ರತಿ ಕಂಬವನ್ನೂ ನಾಲ್ಕು ದಿಕ್ಕಿಗೆ ಜಗ್ಗಿ ನೋಡುತ್ತೇನೆ. ಹುಡುಗಿಯರು ನಗುತ್ತಾರೆ, ನಗಲಿ.

ಪ್ರಶ್ನೆ: ರೇಲಿಂಗ್ ಮಾಡುವವರ ಹತ್ತಿರ ಸ್ಟೀಲ್ ಪೈಪ್ ಹಾಕಿಸಿದರೆ ತುಂಬಾ ಕಡಿಮೆಗೆ ಆಗುತ್ತೆ. ಇಲ್ಲವೇ ಒಂದೂವರೆ ಇಂಚಿನ ಜಿಐ ಪೈಪ್?

ರೇಲಿಂಗ್ ಪೈಪ್ ಕೈ ಊರಿ ಮೆಟ್ಟಿಲು ಹತ್ತಲಿಕ್ಕೆ. ಅದರ ತಗಡು ತೆಳು, ನಡುವೆ ನೇತಾಡಿದರೆ ಬಾಗುತ್ತದೆ. ಒಂದೂವರೆ ಇಂಚು ಎನ್ನುವ ಜಿಐ ಪೈಪಿನ ಹೊರ ಅಳತೆ 48.3 ಮಿ.ಮೀ. ಸ್ಪರ್ಧೆಯ ಕಂಬ 45. ಮೂರು ಮಿ.ಮೀ. ಏನು ಮಹಾ ಅನಿಸಬಹುದು. ಚಿಕ್ಕ ಕೈಯವರು ಹಿಡಿದು ನೋಡಿ, ಆಮೇಲೆ ಮಾತಾಡೋಣ.

ಪ್ರಶ್ನೆ: ನಮ್ಮದು ಬಾಗಲಕೋಟೆ. ಇಲ್ಲಿ ಮಲ್ಲಕಂಬಕ್ಕೆ ಹರಳೆಣ್ಣೆ ಹಚ್ಚುತ್ತಾರೆ. ಸ್ಟೀಲ್ ಪೋಲ್‌ಗೂ ಹಚ್ಚಬಹುದಾ?

ಅಯ್ಯೋ, ಬೇಡ. ತುಳಸಿಗೇರಿ, ಲಕ್ಷ್ಮೇಶ್ವರದ ಹುಡುಗರು ಆ ಕಂಬದ ಮೇಲೆ ಮಾಡುವುದನ್ನು ಕಂಡು ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೇನೆ. ಆದರೆ ಅದು ಮರ, ದಪ್ಪ, ಬುಡ ನೆಲದಲ್ಲಿ ಹೂತಿರುತ್ತದೆ. ಮರಕ್ಕೆ ಮೈ ಉಜ್ಜಿ ಚರ್ಮ ಸುಲಿಯದಿರಲಿ ಎಂದು ಎಣ್ಣೆ. ಸ್ಟೀಲ್ ಮೊದಲೇ ನುಣುಪು, ಅಲ್ಲಿ ನಿಮ್ಮನ್ನು ಹಿಡಿದಿಡುವುದೇ ಒಣ ಚರ್ಮ. ಸರ್ಜಿಕಲ್ ಸ್ಪಿರಿಟ್ ಹಾಕಿ ಬಟ್ಟೆಯಿಂದ ಒರೆಸಿ. ಆ ದಿನ ಮೈಗೆ ಕೊಬ್ಬರಿ ಎಣ್ಣೆ, ಲೋಷನ್ ಏನೂ ಬೇಡ. ಉಂಗುರ, ಬಳೆ ತೆಗೆದಿಡಿ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಹಂಚಿನ ಮನೆ. ಹಂಚಿನ ಕೆಳಗಿನ ಮರದ ಪಕಾಸಿಗೆ ಪೋಲ್ ಒತ್ತಿ ನಿಲ್ಲಿಸಬಹುದಾ?

ಇಲ್ಲ.

ಪ್ರಶ್ನೆ: ನಾವಿರುವುದು ಡಲ್ಲಾಸ್‌ನಲ್ಲಿ, ಮರದ ಮನೆ. ಮೇಲೆ ಜಿಪ್ಸಂ ಹಲಗೆಯೇ ಇದೆ.

ನೀವು ಮಾತ್ರ ಜಂತೆ ಹುಡುಕಿ. ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತದೆ. ಬಟ್ಟಲಿನ ನಡು ಸರಿಯಾಗಿ ಅದರ ಕೆಳಗೇ ಬರಬೇಕು.

ಪ್ರಶ್ನೆ: ಬಿದ್ದರೆ ಪೆಟ್ಟಾಗದಿರಲಿ ಎಂದು ಕೆಳಗೆ ಹಾಸುವ ಕ್ರ್ಯಾಶ್ ಮ್ಯಾಟ್ ದುಬಾರಿ. ಹಳೆಯ ಹತ್ತಿ ಹಾಸಿಗೆ ಹಾಕಿಕೊಂಡರೆ?

ಹತ್ತಿ ಗಂಟುಗಟ್ಟಿರುತ್ತದೆ, ಕಾಲಿಟ್ಟರೆ ಪಾದದ ಗಂಟು ಉಳುಕುತ್ತದೆ. ಯೋಗಾ ಮ್ಯಾಟ್ ಅಂತೂ ಮ್ಯಾಟೇ ಅಲ್ಲ. ನಾಲ್ಕಿಂಚಿನ ಒಳ್ಳೆಯ ಮ್ಯಾಟ್ ತಗೊಳ್ಳಿ. ದುಡ್ಡಾಗುವವರೆಗೆ ತಲೆಕೆಳಗಾಗಬೇಡಿ. ಮ್ಯಾಟ್ ಇದ್ದರೂ ಒಬ್ಬರೇ ಇರುವಾಗ ತಲೆಕೆಳಗಾಗುವುದಕ್ಕೆ ನಾನು ಒಪ್ಪುವುದಿಲ್ಲ. ಹೆದರುಪುಕ್ಕಲಿ ಎನ್ನುವವರು ಅನ್ನಿ.

ಪ್ರಶ್ನೆ: 21 ದಿನ ಪೋಲ್ ಮಾಡಿದರೆ ಹೊಟ್ಟೆ ಕರಗುತ್ತೆ ಎಂದು ವಿಡಿಯೊದಲ್ಲಿ ಹೇಳಿದರು.

ಹೇಳಿದವರನ್ನೇ 22ನೇ ದಿನ ಕೇಳಿ.

ಪ್ರಶ್ನೆ: ಮಣಿಕಟ್ಟು ನೋವು. ನಮ್ಮ ಏರಿಯಾದಲ್ಲಿ ಒಬ್ಬರು ಎಳೆದು ಸರಿ ಮಾಡುತ್ತಾರಂತೆ.

ಎಳೆಸಿಕೊಳ್ಳಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಕಂಬ ಮುಟ್ಟಬೇಡಿ. ಹಾಗೆ ಎಳೆಸಿಕೊಂಡ ಒಬ್ಬರಿಗೆ ನನ್ನ ಕ್ಲಾಸಿಗೆ ಮೂರು ತಿಂಗಳು ಬರಲಾಗಲಿಲ್ಲ.

ಮುಂದಿನ ಸಲ ಬರೆಯುವವರು ಡಬ್ಬದ ಫೋಟೊ ಕಳಿಸಬೇಡಿ. ಚಾವಣಿಯದ್ದು ಕಳಿಸಿ, ಲೈಟ್ ಹಾಕಿ ತೆಗೆದದ್ದು.